ಎಸರಿಗೆ ಉಪ್ಪು ಹಾಕಿದರೆ ನೀರು ಬೇಗ ಕುದಿಯುತ್ತದೆಯೇ?

ಅಡುಗೆ ಅನಿಲದ ಬೆಲೆ ಏರಿದಾಗಲೆಲ್ಲ ಗ್ಯಾಸ್ ಉಳಿಸುವ ಉಪಾಯಗಳ ಕಿರು ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಸಲಹೆಯೊಂದಿದೆ: ಎಸರಿಟ್ಟ ಕೂಡಲೇ ಒಂದು ಚಿಟಿಕೆ ಉಪ್ಪು ಹಾಕಿದರೆ ನೀರು ಬೇಗ ಕುದಿಯುತ್ತದೆ ಎಂಬುದು. ಇದಕ್ಕೆ ತದ್ವಿರುದ್ಧವಾದ ಮಾತೂ ಅಷ್ಟೇ ಬಳಕೆಯಲ್ಲಿದೆ. ಉಪ್ಪು ಹಾಕಿದರೆ ನೀರು ತಡವಾಗಿ ಕುದಿಯುತ್ತದೆ, ಆದ್ದರಿಂದ ಕುದಿ ಬಂದ ಮೇಲೆಯೇ ಹಾಕಬೇಕು ಎನ್ನುವವರಿದ್ದಾರೆ. ಶಾಲೆಯ ವಿಜ್ಞಾನದ ಪಾಠ ನೆನಪಿರುವವರು ಇನ್ನೊಂದು ಮಾತು ಸೇರಿಸುತ್ತಾರೆ: ಉಪ್ಪು ನೀರಿನ ಕುದಿಬಿಂದುವನ್ನು ಏರಿಸುತ್ತದೆ, ಹಾಗಾಗಿ ಉಪ್ಪುನೀರಿನಲ್ಲಿ ಅಡುಗೆ ಹೆಚ್ಚಿನ ಬಿಸಿಯಲ್ಲಿ ಬೇಗ ಬೇಯುತ್ತದೆ. ಈ ಮೂರರಲ್ಲಿ ಮೊದಲನೆಯದು ತಪ್ಪು. ಉಳಿದೆರಡು ತತ್ತ್ವದ ಮಟ್ಟಿಗೆ ಸರಿಯಾದರೂ ಅಡುಗೆಮನೆಯ ಅಳತೆಯಲ್ಲಿ ಲೆಕ್ಕಕ್ಕೆ ಬಾರದಷ್ಟು ಸಣ್ಣವು.

ನೀರು ಎಷ್ಟು ಬಿಸಿಯಲ್ಲಿ ಕುದಿಯಬೇಕು, ಅದರಲ್ಲಿ ಹಾಕಿದ ಅಕ್ಕಿ ಬೇಳೆ ಎಷ್ಟು ಹೊತ್ತಿನಲ್ಲಿ ಬೇಯಬೇಕು ಎಂಬುದನ್ನು ನಿಜವಾಗಿ ನಿರ್ಧರಿಸುವುದು ನಾವು ಇರುವ ಊರಿನ ಎತ್ತರ, ಪಾತ್ರೆಯ ಮುಚ್ಚಳ, ನೀರಿನ ಗಡಸುತನ ಮತ್ತು ಹುಣಸೆಹಣ್ಣಿನಂಥ ಹುಳಿ. ಉಪ್ಪಿನ ಪಾತ್ರ ಇವೆಲ್ಲವುಗಳ ಮುಂದೆ ಬಹಳ ಚಿಕ್ಕದು. ಇದನ್ನು ಅರಿಯಲು ಮೊದಲು ಕುದಿಯುವುದೆಂದರೇನು ಎಂಬುದನ್ನು ತಿಳಿಯಬೇಕು.

ನೀರು ಕುದಿಯುವುದೆಂದರೆ

ನೀರಿನ ಅಣುಗಳು ಸದಾ ಓಡಾಡುತ್ತಲೇ ಇರುತ್ತವೆ. ಅವುಗಳಲ್ಲಿ ವೇಗ ಹೆಚ್ಚಿರುವ ಕೆಲವು ಅಣುಗಳು ಮೇಲ್ಮೈಯನ್ನು ದಾಟಿ ಗಾಳಿಗೆ ಹಾರಿಹೋಗುತ್ತವೆ. ಒಗೆದ ಬಟ್ಟೆ ಬಿಸಿಲಿಲ್ಲದಿದ್ದರೂ ಒಣಗುವುದು ಈ ಕಾರಣದಿಂದಲೇ. ಹೀಗೆ ಹೊರಬೀಳಲು ತವಕಿಸುವ ಆವಿ ಉಂಟುಮಾಡುವ ಒತ್ತಡಕ್ಕೆ ಆವಿ ಒತ್ತಡ ಎಂದು ಹೆಸರು. ನೀರು ಬಿಸಿಯಾದಷ್ಟೂ ಆವಿ ಒತ್ತಡ ಏರುತ್ತದೆ. ಇತ್ತ ನಮ್ಮ ತಲೆಯ ಮೇಲಿರುವ ವಾತಾವರಣದ ಗಾಳಿಯೂ ನೀರಿನ ಮೇಲ್ಮೈಯನ್ನು ಒತ್ತುತ್ತಿರುತ್ತದೆ. ನೀರಿನ ಆವಿ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾಗುವವರೆಗೆ ಆವಿಯಾಗುವುದು ಮೇಲ್ಮೈಯಲ್ಲಿ ಮಾತ್ರ. ಸಮವಾದ ಕ್ಷಣದಿಂದ ನೀರಿನ ಒಳಗೇ, ಪಾತ್ರೆಯ ತಳದಲ್ಲಿಯೇ, ಆವಿಯ ಗುಳ್ಳೆಗಳು ಹುಟ್ಟಿ ಗಾಳಿಯ ಒತ್ತಡಕ್ಕೆ ಕುಗ್ಗದೆ ಮೇಲೇರಬಲ್ಲವು. ಅದೇ ಕುದಿ. ಆ ಉಷ್ಣತೆಯೇ ಕುದಿಬಿಂದು.

ಆದ್ದರಿಂದ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂಬ ಮಾತಿಗೆ ಒಂದು ಷರತ್ತಿದೆ. ಗಾಳಿಯ ಒತ್ತಡ ಸಮುದ್ರಮಟ್ಟದ ಸರಾಸರಿಯಾದ 1013 ಹೆಕ್ಟೊಪಾಸ್ಕಲ್ ಇದ್ದಾಗ ಮಾತ್ರ ಅದು ನಿಜ. ಒತ್ತಡ ಇಳಿದರೆ ಕುದಿಬಿಂದು ಇಳಿಯುತ್ತದೆ, ಏರಿದರೆ ಏರುತ್ತದೆ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಉಷ್ಣತಾ ಮಾಪಕವನ್ನು ಮಂಡಿಸಿದಾಗಲೇ ಈ ಒತ್ತಡದ ಷರತ್ತನ್ನು ಗಮನಕ್ಕೆ ತೆಗೆದುಕೊಂಡಿದ್ದ. (ಅವನ ಮೂಲ ಮಾಪಕದಲ್ಲಿ ನೀರು ಕುದಿಯುವುದು 0 ಆಗಿತ್ತು, ಹೆಪ್ಪುಗಟ್ಟುವುದು 100. ಅದನ್ನು ತಿರುವುಮುರುವು ಮಾಡಿದ್ದು ಆ ನಂತರ.)

ಒಲೆಯ ಮೇಲಿಟ್ಟ ನೀರನ್ನು ಒಮ್ಮೆ ಹತ್ತಿರದಿಂದ ಗಮನಿಸಿದರೆ ಈ ಕ್ರಿಯೆಯ ಹಂತಗಳೆಲ್ಲ ಕಣ್ಣಿಗೂ ಕಿವಿಗೂ ಸಿಗುತ್ತವೆ. ಮೊದಲಿಗೆ ಪಾತ್ರೆಯ ತಳಕ್ಕೂ ಅಂಚಿಗೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಇವು ಆವಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ. ಬಿಸಿನೀರಿನಲ್ಲಿ ಗಾಳಿ ಅಷ್ಟಾಗಿ ಕರಗಿರಲಾರದ್ದರಿಂದ ಹೊರಬರುತ್ತದೆ. ಸ್ವಲ್ಪ ಹೊತ್ತಿಗೆ ಪಾತ್ರೆ ಸುಂಯ್ ಎಂದು ಹಾಡತೊಡಗುತ್ತದೆ. ತಳದಲ್ಲಿ ಹುಟ್ಟಿದ ನಿಜವಾದ ಆವಿಯ ಗುಳ್ಳೆಗಳು ಮೇಲಿನ, ಇನ್ನೂ ಸಾಕಷ್ಟು ಬಿಸಿಯಾಗದ ನೀರನ್ನು ಮುಟ್ಟಿ ಅಲ್ಲಿಯೇ ಕುಸಿದು ನೀರಾಗುವ ಸದ್ದು ಅದು. ಕುದಿ ಬರುವ ತುಸು ಮುಂಚೆ ಸದ್ದು ತಗ್ಗುತ್ತದೆ, ಏಕೆಂದರೆ ಆಗ ಇಡೀ ಪಾತ್ರೆಯ ನೀರು ಬಿಸಿಯಾಗಿದ್ದು ಗುಳ್ಳೆಗಳು ಕುಸಿಯದೆ ಮೇಲಕ್ಕೆ ಬಂದು ಒಡೆಯುತ್ತವೆ. ಆಮೇಲೆ ಕೊತಕೊತ ಕುದಿತ. ಅಡುಗೆಯಲ್ಲಿ ಪಳಗಿದವರು ಮುಚ್ಚಳ ತೆಗೆಯದೆಯೇ ಎಸರು ಬಂತೆಂದು ಹೇಳುವುದು ಈ ಸದ್ದಿನ ಏರಿಳಿತವನ್ನು ಹಿಡಿದು.

ಉಪ್ಪು ಮಾಡುವ ಕೆಲಸ

ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್. ನೀರಿನಲ್ಲಿ ಕರಗಿದಾಗ ಅದು ಸೋಡಿಯಂ ಮತ್ತು ಕ್ಲೋರೈಡ್ ಎಂಬ, ವಿದ್ಯುದಾವೇಶವುಳ್ಳ ಎರಡು ಬಗೆಯ ಕಣಗಳಾಗಿ ಬೇರ್ಪಡುತ್ತದೆ; ಇವನ್ನು ಅಯಾನುಗಳು ಎನ್ನುತ್ತಾರೆ. ನೀರಿನ ಅಣುಗಳು ಈ ಅಯಾನುಗಳ ಸುತ್ತ ಗುಂಪುಗೂಡುತ್ತವೆ. ಮದುವೆಮನೆಯಿಂದ ಹೊರಟವರನ್ನು ಬಾಗಿಲಲ್ಲಿ ನೆಂಟರು ಕೈಹಿಡಿದು ಮಾತಿಗೆ ನಿಲ್ಲಿಸಿಕೊಂಡರೆ ಹೊರಗೆ ಹೋಗುವವರ ಸಂಖ್ಯೆ ಕಡಿಮೆಯಾಗುವಂತೆ, ಉಪ್ಪಿನ ಕಣಗಳಿರುವ ನೀರಿನಿಂದ ಗಾಳಿಗೆ ಹಾರುವ ಅಣುಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ಅಂದರೆ ಆವಿ ಒತ್ತಡ ಇಳಿಯುತ್ತದೆ. ಅದನ್ನು ಮತ್ತೆ ಗಾಳಿಯ ಒತ್ತಡದ ಮಟ್ಟಕ್ಕೆ ತರಲು ನೀರನ್ನು ಇನ್ನಷ್ಟು ಕಾಯಿಸಬೇಕು. ಹೀಗೆ ಕುದಿಬಿಂದು ಏರುತ್ತದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಫ್ರಾಂಸ್ವಾ ಮರೀ ರೌಲ್ 1880ರ ದಶಕದಲ್ಲಿ ಇದನ್ನು ಅಳೆದು ನಿಯಮವಾಗಿ ಮಂಡಿಸಿದ. ಇಲ್ಲಿ ಮುಖ್ಯವಾದ ಸಂಗತಿಯೆಂದರೆ ಕರಗಿದ ವಸ್ತು ಯಾವುದು ಎಂಬುದಕ್ಕಿಂತ ಎಷ್ಟು ಕಣಗಳು ಕರಗಿವೆ ಎಂಬುದೇ ಕುದಿಬಿಂದುವಿನ ಏರಿಕೆಯನ್ನು ನಿರ್ಧರಿಸುತ್ತದೆ. ಉಪ್ಪಿನ ಪ್ರತಿ ಘಟಕವೂ ಎರಡು ಕಣಗಳಾಗಿ ಒಡೆಯುವುದರಿಂದ ಅದರ ಪರಿಣಾಮ ಇಮ್ಮಡಿಯಾಗುತ್ತದೆ.

ಇಮ್ಮಡಿಯಾದರೂ ಅದು ಎಷ್ಟು? ಲೆಕ್ಕ ಸರಳವಾಗಿದೆ. ಒಂದು ಲೀಟರ್ ನೀರಿಗೆ ಸುಮಾರು 58 ಗ್ರಾಂ ಉಪ್ಪು ಹಾಕಿದರೆ ಕುದಿಬಿಂದು ಹೆಚ್ಚುಕಡಿಮೆ 1 ಡಿಗ್ರಿ ಏರುತ್ತದೆ. 58 ಗ್ರಾಂ ಎಂದರೆ ಒಂಬತ್ತು ಹತ್ತು ಟೀ ಚಮಚ ಉಪ್ಪು, ಬಾಯಿಗಿಡಲಾಗದಷ್ಟು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರದ ನೀರು ಕುದಿಯುವುದು 100.6 ಡಿಗ್ರಿಯ ಆಸುಪಾಸಿನಲ್ಲಿ. ಅಡುಗೆಯಲ್ಲಿ ಲೀಟರಿಗೆ ಧಾರಾಳವಾಗಿ 10 ಗ್ರಾಂ ಹಾಕಿದೆವೆಂದುಕೊಂಡರೂ ಏರಿಕೆ 0.17 ಡಿಗ್ರಿ, ಚಿಟಿಕೆ ಉಪ್ಪಿನಿಂದ ಆಗುವ ಏರಿಕೆಯನ್ನು ಸಾಧಾರಣ ಥರ್ಮಾಮೀಟರು ತೋರಿಸುವುದೂ ಇಲ್ಲ. ನಮ್ಮಂಥ ಉಷ್ಣವಲಯದ ಊರುಗಳಲ್ಲಿ ಬೆಳಗ್ಗೆ ಹತ್ತರ ಹೊತ್ತಿಗೂ ಸಂಜೆ ನಾಲ್ಕರ ಹೊತ್ತಿಗೂ ನಡುವೆ ಗಾಳಿಯ ಒತ್ತಡ ಪ್ರತಿದಿನ 3-4 ಹೆಕ್ಟೊಪಾಸ್ಕಲ್‌ನಷ್ಟು ಇಳಿಯುತ್ತದೆ, ಅದರಿಂದಲೇ ಕುದಿಬಿಂದು ಸುಮಾರು 0.1 ಡಿಗ್ರಿ ತಗ್ಗುತ್ತದೆ. ಬೆಳಗಿನ ಅಡುಗೆಗೂ ಸಂಜೆಯ ಅಡುಗೆಗೂ ಇರುವ ಈ ವ್ಯತ್ಯಾಸವನ್ನು ಯಾರೂ ಗಮನಿಸುವುದಿಲ್ಲ. ಒಂದು ಚಮಚ ಉಪ್ಪು ತರುವ ವ್ಯತ್ಯಾಸವೂ ಅಷ್ಟೇ ಪ್ರಮಾಣದ್ದು.

ಸಮಯದ ಲೆಕ್ಕವೂ ಹೀಗೆಯೇ ಇದೆ. ಒಂದು ಲೀಟರ್ ನೀರು 25 ಡಿಗ್ರಿಯಿಂದ 100 ಡಿಗ್ರಿಗೆ ಏರಲು ಆರು ನಿಮಿಷ ಬೇಕಾದರೆ, ಒಂದೊಂದು ಡಿಗ್ರಿಗೆ ಐದು ಸೆಕೆಂಡು ತಗಲುತ್ತದೆ. 0.17 ಡಿಗ್ರಿ ಹೆಚ್ಚುವರಿ ಬಿಸಿಗೆ ಬೇಕಾಗುವುದು ಒಂದು ಸೆಕೆಂಡಿಗಿಂತ ಕಡಿಮೆ. ಉಪ್ಪು ಕರಗುವಾಗ ನೀರಿನಿಂದ ಸ್ವಲ್ಪ ಶಾಖವನ್ನು ಹೀರಿಕೊಳ್ಳುತ್ತದೆ ಎಂಬುದೂ ನಿಜ, ಆದರೆ ಅದೂ ಡಿಗ್ರಿಯ ಆರನೇ ಒಂದು ಭಾಗದಷ್ಟು ಮಾತ್ರ. ಎಸರಿಗೆ ಉಪ್ಪನ್ನು ಮೊದಲೇ ಹಾಕಿದರೂ ಕುದಿ ಬಂದ ಮೇಲೆ ಹಾಕಿದರೂ ಗ್ಯಾಸಿನ ಖರ್ಚಿನಲ್ಲಿ ವ್ಯತ್ಯಾಸ ಕಾಣದು.

ಉಪ್ಪು ಬಿದ್ದ ಕೂಡಲೇ ನೀರು ಉಕ್ಕುವುದೇಕೆ

ಹಾಗಾದರೆ ಉಪ್ಪು ಹಾಕಿದರೆ ನೀರು ಬೇಗ ಕುದಿಯುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತು? ಇನ್ನೇನು ಕುದಿಯಬೇಕೆಂಬ ಸ್ಥಿತಿಯಲ್ಲಿರುವ ನೀರಿಗೆ ಒಂದು ಚಮಚ ಉಪ್ಪು ಸುರಿದು ನೋಡಿ. ಉಪ್ಪು ಬಿದ್ದ ಜಾಗದಲ್ಲಿ ಬುರಬುರನೆ ನೊರೆ ಎದ್ದು ಕ್ಷಣಾರ್ಧದಲ್ಲಿ ತಣ್ಣಗಾಗುತ್ತದೆ. ಕಣ್ಣಾರೆ ಕಂಡ ಈ ದೃಶ್ಯವನ್ನು ಕುದಿ ಎಂದು ತಿಳಿಯುವುದು ಸಹಜವೇ. ಆದರೆ ಇಲ್ಲಿ ನಡೆದದ್ದು ಬೇರೆ. ಆವಿಯ ಗುಳ್ಳೆಯೊಂದು ಶುದ್ಧ ನೀರಿನ ನಡುವೆ ತನ್ನಷ್ಟಕ್ಕೆ ಹುಟ್ಟುವುದು ಬಹಳ ಕಷ್ಟ. ಅದಕ್ಕೆ ಕಾಲೂರಲು ಒಂದು ಒರಟು ಜಾಗ, ಒಂದು ಸಣ್ಣ ಬಿರುಕು, ಅದರಲ್ಲಿ ಸಿಕ್ಕಿಕೊಂಡ ಇಷ್ಟು ಗಾಳಿ ಬೇಕು. ಪಾತ್ರೆಯ ತಳದ ಗೀರುಗಳಿಂದಲೇ ಗುಳ್ಳೆಗಳು ಸಾಲಾಗಿ ಏಳುವುದನ್ನು ಕಾಣಬಹುದು. ಉಪ್ಪಿನ ಸಾವಿರಾರು ಹರಳುಗಳು ಒಮ್ಮೆಲೇ ಬಿದ್ದಾಗ ಅಂಥ ಸಾವಿರಾರು ನೆಲೆಗಳು ಒದಗುತ್ತವೆ, ಹರಳುಗಳ ಜೊತೆಗೆ ಬಂದ ಗಾಳಿಯೂ ಹೊರಬೀಳುತ್ತದೆ. ಹರಳು ಕರಗಿದೊಡನೆ ನೊರೆಯೂ ನಿಲ್ಲುತ್ತದೆ. ಸಕ್ಕರೆ ಹಾಕಿದರೂ ಹೀಗೆಯೇ ಆಗುತ್ತದೆ, ಕರಗದ ಮರಳು ಹಾಕಿದರೂ ಆಗುತ್ತದೆ. ನೀರಿನ ಉಷ್ಣತೆ ಮಾತ್ರ ಏರಿರುವುದಿಲ್ಲ.

ಗುಳ್ಳೆಗೆ ನೆಲೆ ಬೇಕೆಂಬ ಈ ಸಂಗತಿ ಮೈಕ್ರೊವೇವ್ ಒಲೆಯಲ್ಲಿ ಅಪಾಯಕ್ಕೂ ಕಾರಣವಾಗಬಲ್ಲದು, ಆದ್ದರಿಂದ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನುಣುಪಾದ ಹೊಸ ಗಾಜಿನ ಲೋಟದಲ್ಲಿ ನೀರಿಟ್ಟು ಹೆಚ್ಚು ಹೊತ್ತು ಕಾಯಿಸಿದರೆ ಒಂದೂ ಗುಳ್ಳೆ ಏಳದೆ ನೀರು ಕುದಿಬಿಂದುವನ್ನು ದಾಟಿ ಬಿಸಿಯಾಗಿರಬಹುದು. ನೋಡಲು ಅದು ಶಾಂತವಾಗಿರುತ್ತದೆ. ಅದನ್ನು ಹೊರತೆಗೆದು ಕಾಫಿ ಪುಡಿಯನ್ನೋ ಸಕ್ಕರೆಯನ್ನೋ ಹಾಕಿದ ಕೂಡಲೇ ತಡೆದಿದ್ದ ಆವಿಯೆಲ್ಲ ಒಮ್ಮೆಲೇ ಚಿಮ್ಮಿ ಕೈ ಮುಖ ಸುಡಬಹುದು. ಕಾಯಿಸುವ ಮೊದಲೇ ಒಂದು ಮರದ ಕಡ್ಡಿಯನ್ನು ಲೋಟದಲ್ಲಿ ಇಟ್ಟಿರುವುದು, ಕಾದ ಮೇಲೆ ಅರ್ಧ ನಿಮಿಷ ಬಿಟ್ಟು ತೆಗೆಯುವುದು ಇದಕ್ಕೆ ಸಾಕಾದ ಮುನ್ನೆಚ್ಚರಿಕೆ.

ಕರಗಿದ ವಸ್ತು ನಿಜವಾಗಿ ಕುದಿಬಿಂದುವನ್ನು ಏರಿಸುವ ಜಾಗ: ಪಾಕ

ಅಡುಗೆಮನೆಯಲ್ಲಿ ಕುದಿಬಿಂದುವಿನ ಏರಿಕೆ ದೊಡ್ಡದಾಗಿ ಕಾಣುವುದು ಸಕ್ಕರೆ ಮತ್ತು ಬೆಲ್ಲದ ಪಾಕದಲ್ಲಿ. ಅಲ್ಲಿ ಕರಗಿದ ವಸ್ತು ನೀರಿಗಿಂತ ಹೆಚ್ಚಿರುತ್ತದೆ. ಪಾಕ ಕುದಿಯುತ್ತ ನೀರು ಹೋದಂತೆ ಸಕ್ಕರೆಯ ಪಾಲು ಏರುತ್ತದೆ, ಅದರೊಂದಿಗೆ ಕುದಿಬಿಂದುವೂ ಏರುತ್ತಲೇ ಹೋಗುತ್ತದೆ. ಸಮುದ್ರಮಟ್ಟದಲ್ಲಿ ಒಂದೆಳೆ ಪಾಕ ಬರುವುದು 105 ಡಿಗ್ರಿಯ ಹತ್ತಿರ. ನೀರಿಗೆ ಬಿಟ್ಟ ಹನಿಯನ್ನು ಬೆರಳಲ್ಲಿ ಮೆತ್ತಗೆ ಉಂಡೆ ಮಾಡಲು ಬರುವ ಹದ 112ರಿಂದ 116 ಡಿಗ್ರಿಯದು. ಹನಿ ನೀರಿನಲ್ಲಿ ಗಾಜಿನಂತೆ ಗಟ್ಟಿಯಾಗಿ ಮುರಿಯುವ ಹದಕ್ಕೆ ಬರುವಾಗ ಸಕ್ಕರೆ ಪಾಕ 146 ಡಿಗ್ರಿ ದಾಟಿರುತ್ತದೆ. ಬೆರಳಿನ ನಡುವೆ ಎಳೆ ಎಳೆದು ನೋಡುವುದೆಂದರೆ ವಾಸ್ತವವಾಗಿ ಪಾಕದಲ್ಲಿ ಉಳಿದ ನೀರನ್ನು ಅಳೆಯುವುದು. ಥರ್ಮಾಮೀಟರಿಲ್ಲದೆ ಅಷ್ಟು ನಿಖರವಾಗಿ ಅಳೆಯುವ ಈ ವಿಧಾನ ನಮ್ಮ ಅಡುಗೆಯ ಜಾಣ್ಮೆಗಳಲ್ಲಿ ಒಂದೆಂದೇ ಹೇಳಬೇಕು. ಪಾಕ ಮೈಮೇಲೆ ಬಿದ್ದರೆ ಕುದಿಯುವ ನೀರಿಗಿಂತ ಆಳವಾಗಿ ಸುಡುವುದಕ್ಕೂ ಈ ಹೆಚ್ಚಿನ ಉಷ್ಣತೆ ಮತ್ತು ಅದರ ಅಂಟು ಎರಡೂ ಕಾರಣ.

ಉಪ್ಪನ್ನೂ ಹೀಗೆ ಕರಗುವಷ್ಟೂ ತುಂಬಿದರೆ ನೀರು ಸುಮಾರು 108 ಡಿಗ್ರಿಗೆ ಏರಿ ಕುದಿಯುತ್ತದೆ. ಅದು ಉಪ್ಪಿನ ಕಾರ್ಖಾನೆಯ ಮಾತು, ಅಡುಗೆಯದಲ್ಲ.

ಊರಿನ ಎತ್ತರ

ಕುದಿಬಿಂದುವಿನ ಮೇಲೆ ಉಪ್ಪಿಗಿಂತ ಎಷ್ಟೋ ಪಾಲು ಹೆಚ್ಚಿನ ಪ್ರಭಾವ ಬೀರುವುದು ನಾವು ನಿಂತ ನೆಲದ ಎತ್ತರ. ಮೇಲೆ ಹೋದಂತೆ ತಲೆಯ ಮೇಲಿನ ಗಾಳಿ ಕಡಿಮೆಯಾಗುತ್ತದೆ, ಒತ್ತಡ ಇಳಿಯುತ್ತದೆ. ಸ್ಥೂಲವಾಗಿ ಪ್ರತಿ 300 ಮೀಟರಿಗೆ ಕುದಿಬಿಂದು 1 ಡಿಗ್ರಿ ತಗ್ಗುತ್ತದೆ. ಮಂಗಳೂರಿನ ಕಡಲತೀರದ ಮನೆಯಲ್ಲಿ ನೀರು 100 ಡಿಗ್ರಿಯಲ್ಲಿ ಕುದಿದರೆ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ 96ರ ಹತ್ತಿರ. ಊಟಿಯಲ್ಲಿ 93ಕ್ಕಿಂತ ಕೆಳಗೆ. 3500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ 88 ಡಿಗ್ರಿ. ಬೆಂಗಳೂರಿನ ನೀರನ್ನು ಉಪ್ಪಿನ ಬಲದಿಂದಲೇ ಮಂಗಳೂರಿನ 100 ಡಿಗ್ರಿಗೆ ಏರಿಸಬೇಕೆಂದರೆ ಲೀಟರಿಗೆ ಸುಮಾರು 170 ಗ್ರಾಂ ಉಪ್ಪು ಬೇಕು. ಅದು ಸಮುದ್ರದ ನೀರಿನ ಐದು ಪಟ್ಟು ಉಪ್ಪು.

ಈ ಮೂರು ಡಿಗ್ರಿಯ ವ್ಯತ್ಯಾಸ ಅಡುಗೆಯಲ್ಲಿ ಕಾಣುತ್ತದೆಯೇ ಎಂದರೆ, ಕಾಣುತ್ತದೆ. ಬೇಯುವುದೆಂದರೆ ಧಾನ್ಯದ ಪಿಷ್ಟ ನೀರು ಹೀರಿ ಉಬ್ಬುವುದು, ಬೇಳೆ ತರಕಾರಿಗಳ ಜೀವಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಎಂಬ ಅಂಟು ಕರಗುವುದು, ಮೊಟ್ಟೆ ಮಾಂಸಗಳ ಪ್ರೋಟೀನ್ ಗಟ್ಟಿಯಾಗುವುದು. ಇವೆಲ್ಲ ಉಷ್ಣತೆಯನ್ನು ಅವಲಂಬಿಸಿದ ರಾಸಾಯನಿಕ ಬದಲಾವಣೆಗಳು. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬ ಒರಟು ಲೆಕ್ಕವೊಂದಿದೆ. ಆ ಪ್ರಕಾರ 3 ಡಿಗ್ರಿ ತಗ್ಗಿದರೆ ಬೇಯುವ ಸಮಯ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಬೆಳೆಯುತ್ತದೆ. ಮೊದಲೇ ನಿಧಾನವಾಗಿ ಬೇಯುವ ಕುಚ್ಚಲಕ್ಕಿಯನ್ನು ಕರಾವಳಿಯಿಂದ ಬೆಂಗಳೂರಿಗೋ ಮಡಿಕೇರಿಗೋ ತಂದು ತೆರೆದ ಪಾತ್ರೆಯಲ್ಲಿ ಬೇಯಿಸುವವರಿಗೆ ಅನ್ನ ಯಾಕೋ ತಡ ಅನ್ನಿಸಿದರೆ ಅದರಲ್ಲಿ ಅಕ್ಕಿಯ ತಪ್ಪಿಲ್ಲ.

ಪಿಷ್ಟಕ್ಕೆ 80 ಡಿಗ್ರಿಯ ಆಸುಪಾಸು ಸಾಕಾದರೂ ಪೆಕ್ಟಿನ್ ಸಡಿಲಗೊಳ್ಳಲು 85 ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಕು. ಆದ್ದರಿಂದ ಎತ್ತರದ ಜಾಗಗಳಲ್ಲಿ ಅನ್ನಕ್ಕಿಂತ ಬೇಳೆ, ಕಾಳು, ಆಲೂಗಡ್ಡೆಗಳೇ ಹೆಚ್ಚು ಸತಾಯಿಸುತ್ತವೆ. ಚಾರ್ಲ್ಸ್ ಡಾರ್ವಿನ್ 1835ರ ಮಾರ್ಚಿನಲ್ಲಿ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತವನ್ನು ದಾಟುವಾಗ ಅವನ ಜೊತೆಗಾರರು ಇಟ್ಟ ಆಲೂಗಡ್ಡೆ ಗಂಟೆಗಟ್ಟಲೆ ಕುದಿದರೂ ಗಟ್ಟಿಯಾಗಿಯೇ ಉಳಿಯಿತು. ಪಾತ್ರೆಯನ್ನು ರಾತ್ರಿಯಿಡೀ ಬೆಂಕಿಯ ಮೇಲೆ ಬಿಟ್ಟು ಬೆಳಗ್ಗೆ ಮತ್ತೆ ಕುದಿಸಿದರೂ ಬೇಯಲಿಲ್ಲ. ಹೊಸದಾಗಿ ತಂದ ಆ ಹಾಳು ಪಾತ್ರೆಗೆ ಆಲೂಗಡ್ಡೆ ಬೇಯಿಸಲು ಮನಸ್ಸಿಲ್ಲ ಎಂದು ಜೊತೆಗಾರರು ತೀರ್ಮಾನಿಸಿದರೆಂದು ಡಾರ್ವಿನ್ ಬರೆದಿಟ್ಟಿದ್ದಾನೆ. ಹುರಿಯುವುದಕ್ಕೆ ನೀರಿನ ಈ ಮಿತಿ ಇಲ್ಲ. ಲಡಾಖಿನ ಮನೆಗಳ ಹುರಿದ ಬಾರ್ಲಿ ಹಿಟ್ಟು ನೆಲದ ಎತ್ತರವನ್ನು ಲೆಕ್ಕಿಸದ ಆಹಾರ.

ಈ ಸಂಬಂಧವನ್ನು ತಿರುಗಿಸಿ ಬಳಸಿದವರೂ ಇದ್ದಾರೆ. ಕುಮಾವೂಂ ಸೀಮೆಯ ನೈನ್ ಸಿಂಗ್ ರಾವತ್ ಭೂಮಾಪನ ಇಲಾಖೆಯ ಕೆಲಸವಾಗಿ ಗುಟ್ಟಾಗಿ ಟಿಬೆಟ್ ಹೊಕ್ಕು 1866ರಲ್ಲಿ ಲಾಸಾ ತಲುಪಿದಾಗ, ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ನೋಡಿಯೇ ಆ ನಗರದ ಎತ್ತರವನ್ನು ಅಂದಾಜು ಮಾಡಿದ.

ಕುಕ್ಕರ್: ಒತ್ತಡವನ್ನು ಮನೆಗೆ ತಂದದ್ದು

ಹೊರಗಿನ ಒತ್ತಡ ಇಳಿದರೆ ಕುದಿಬಿಂದು ಇಳಿಯುವುದಾದರೆ, ಒತ್ತಡ ಏರಿಸಿದರೆ ಅದೂ ಏರಬೇಕಷ್ಟೆ. ಫ್ರಾನ್ಸಿನ ದೆನಿ ಪಾಪಿನ್ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಿಗಿ ಮುಚ್ಚಳದ ಪಾತ್ರೆಯೊಂದನ್ನು ತೋರಿಸಿದ. ಮೂಳೆಯನ್ನೂ ಮೆತ್ತಗೆ ಮಾಡಬಲ್ಲ ಆ ಪಾತ್ರೆಯೇ ಇಂದಿನ ಪ್ರೆಶರ್ ಕುಕ್ಕರಿನ ಮೂಲ. ಕುಕ್ಕರಿನ ಮುಚ್ಚಳದ ಮೇಲಿಡುವ ವೆಯ್ಟ್, ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋದಷ್ಟು ಹೆಚ್ಚಾಗುವವರೆಗೆ ಆವಿಯನ್ನು ತಡೆಯುತ್ತದೆ. ಆ ಒತ್ತಡದಲ್ಲಿ ಸಮುದ್ರಮಟ್ಟದ ಊರಿನಲ್ಲಿ ನೀರು ಕುದಿಯುವುದು 120 ಡಿಗ್ರಿಯಲ್ಲಿ, ಬೆಂಗಳೂರಿನಲ್ಲಿ 118-119ರಲ್ಲಿ. ಗಮನಿಸಬೇಕಾದುದೆಂದರೆ ತೆರೆದ ಪಾತ್ರೆಯಲ್ಲಿದ್ದ ಮೂರು ಡಿಗ್ರಿಯ ಅಂತರ ಕುಕ್ಕರಿನೊಳಗೆ ಅರ್ಧಕ್ಕೆ ಇಳಿದಿದೆ.

ಕುಕ್ಕರ್ ಒಂದು ಸಲ ಕೂಗಿತೆಂದರೆ ಒಳಗಿನ ಒತ್ತಡ ತನ್ನ ಮೇಲ್ಮಿತಿ ಮುಟ್ಟಿತೆಂದು ಅರ್ಥ. ಆಮೇಲೂ ದೊಡ್ಡ ಉರಿಯಲ್ಲಿ ಸಾಲಾಗಿ ಕೂಗಿಸುವುದರಿಂದ ಒಳಗಿನ ಉಷ್ಣತೆ ಏರುವುದಿಲ್ಲ, ಹೆಚ್ಚಿನ ಶಾಖವೆಲ್ಲ ಆವಿಯಾಗಿ ಹೊರಗೆ ಹೋಗುತ್ತದೆ. ಮೊದಲ ಕೂಗಿನ ನಂತರ ಉರಿ ಸಣ್ಣದು ಮಾಡಿ ನಿಮಿಷದ ಲೆಕ್ಕದಲ್ಲಿ ಬೇಯಿಸುವುದು ಸರಿಯಾದ ಕ್ರಮ. ಹಾಗೆಯೇ ನಳಿಕೆಯಿಂದ ಆವಿ ಧಾರೆಯಾಗಿ ಬರತೊಡಗಿದ ಮೇಲೆಯೇ ವೆಯ್ಟ್ ಇಡಬೇಕು ಎಂಬ ಸೂಚನೆಗೂ ಕಾರಣವಿದೆ. ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಒತ್ತಡದ ಒಂದು ಪಾಲು ಆ ಗಾಳಿಯದಾಗಿ, ಅದೇ ಒತ್ತಡದಲ್ಲಿ ಆವಿಯ ಉಷ್ಣತೆ ಕಡಿಮೆ ಇರುತ್ತದೆ. ಬೇಳೆಯ ನೊರೆ ನಳಿಕೆಗೆ ಏರಿ ಕಟ್ಟಿಕೊಳ್ಳದಂತೆ ಒಂದು ಹನಿ ಎಣ್ಣೆ ಹಾಕುವ ರೂಢಿ ಸರಿಯಾದದ್ದೇ. ಎಣ್ಣೆ ನೊರೆಯನ್ನು ಒಡೆಯುತ್ತದೆ. ನೀರಿನಲ್ಲಿ ಕರಗದ್ದರಿಂದ ಕುದಿಬಿಂದುವನ್ನು ಮುಟ್ಟುವುದಿಲ್ಲ.

ಮುಚ್ಚಳ ಮತ್ತು ಉರಿ

ಸಾಧಾರಣ ತಟ್ಟೆ ಮುಚ್ಚಿದರೆ ಒಳಗೆ ಒತ್ತಡ ಏರುತ್ತದೆ ಎಂಬ ಭಾವನೆ ಹಲವರಲ್ಲಿದೆ. ಅರ್ಧ ಕಿಲೋ ತೂಕದ ಮುಚ್ಚಳ ಅಗಲವಾದ ಪಾತ್ರೆಯ ಮೇಲೆ ಹಾಕುವ ಹೆಚ್ಚುವರಿ ಒತ್ತಡದಿಂದ ಕುದಿಬಿಂದು ಏರುವುದು 0.05 ಡಿಗ್ರಿಯಷ್ಟು. ಮುಚ್ಚಳದ ನಿಜವಾದ ಉಪಕಾರ ಬೇರೆ. ನೀರಿನ ಮೇಲ್ಮೈಯಿಂದ ಹಾರಿಹೋಗುವ ಪ್ರತಿ ಹನಿ ಆವಿಯೂ ತನ್ನೊಂದಿಗೆ ಬಹಳಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಲು 314 ಕಿಲೋಜೂಲ್ ಶಾಖ ಸಾಕು. ಅದೇ ನೀರನ್ನು 100 ಡಿಗ್ರಿಯಲ್ಲಿಯೇ ಆವಿ ಮಾಡಲು 2257 ಕಿಲೋಜೂಲ್ ಬೇಕು, ಅಂದರೆ ಏಳು ಪಟ್ಟು. ಉಷ್ಣತೆಯನ್ನು ಒಂದು ಡಿಗ್ರಿಯೂ ಏರಿಸದೆ ಬರೀ ನೀರನ್ನು ಆವಿಯಾಗಿಸಲು ಖರ್ಚಾಗುವ ಈ ಶಾಖಕ್ಕೆ ಗುಪ್ತೋಷ್ಣ ಎಂದು ಹೆಸರು. ಮುಚ್ಚಳ ಹಾಕಿದಾಗ ಆವಿ ಅದಕ್ಕೆ ತಾಗಿ ನೀರಾಗಿ ಮರಳಿ ಬೀಳುತ್ತದೆ, ಬಹುಪಾಲು ಶಾಖ ಪಾತ್ರೆಯಲ್ಲೇ ಉಳಿಯುತ್ತದೆ.

ಉರಿಯ ವಿಷಯವೂ ಇದಕ್ಕೇ ಸೇರಿದ್ದು. ಕುದಿ ಬಂದ ಮೇಲೆ ತೆರೆದ ಪಾತ್ರೆಯ ನೀರು ಎಷ್ಟೇ ದೊಡ್ಡ ಉರಿಯಿಟ್ಟರೂ ತನ್ನ ಕುದಿಬಿಂದುವನ್ನು ದಾಟುವುದಿಲ್ಲ. ಬೆಂಗಳೂರಿನಲ್ಲಿ ಮೆಲ್ಲಗೆ ಕುದಿಯುವ ಸಾರೂ 97 ಡಿಗ್ರಿಯದೇ, ಕೊತಕೊತ ಕುದಿಯುವ ಸಾರೂ ಹೆಚ್ಚುಕಡಿಮೆ ಅಷ್ಟೇ ಬಿಸಿಯದು. ಹೆಚ್ಚಿನ ಉರಿಯಿಂದ ಆಗುವುದು ಹೆಚ್ಚಿನ ಆವಿ ಮಾತ್ರ. ನಮ್ಮ ಮನೆಯ ಗ್ಯಾಸ್ ಒಲೆಗಳಲ್ಲಿ ಶಾಖದ ಮೂರನೇ ಒಂದು ಭಾಗ ಪಾತ್ರೆಗೆ ತಾಗದೆ ಪೋಲಾಗುವುದನ್ನೂ ಸೇರಿಸಿಕೊಂಡರೆ, ಒಂದು ಲೀಟರ್ ನೀರನ್ನು ಸುಮ್ಮನೆ ಆವಿ ಮಾಡಿ ಕಳೆಯಲು 75 ಗ್ರಾಂನಷ್ಟು ಅನಿಲ ಉರಿಯಬೇಕು. ಉಪ್ಪಿನಿಂದ ಗ್ಯಾಸ್ ಉಳಿಸಲು ಹೊರಟವರು ಕೈಹಾಕಬೇಕಾದ್ದು ಉಪ್ಪಿನ ಡಬ್ಬಿಗಲ್ಲ, ಒಲೆಯ ಗುಂಡಿಗೆ. ಹದವನ್ನು ಇಂಗಿಸಿ ಗಟ್ಟಿ ಮಾಡಬೇಕಾದಾಗ, ಅನ್ನದ ಅಗುಳು ತಳ ಹಿಡಿಯದಂತೆ ತಿರುಗಾಡಿಸಬೇಕಾದಾಗ ಜೋರು ಕುದಿ ಬೇಕಾಗುತ್ತದೆ ಎಂಬುದು ನಿಜ. ಉಳಿದಂತೆ ಸಣ್ಣ ಕುದಿಯೇ ಸಾಕು. ಕೇರಳದಲ್ಲಿ ಕುಚ್ಚಲಕ್ಕಿಗೆ ಬಳಸುವ, ಶಾಖ ಹಿಡಿದಿಡುವ ಪೆಟ್ಟಿಗೆಯಲ್ಲಿ ಅದೂ ಬೇಡ. ಒಂದಿಷ್ಟು ಹೊತ್ತು ಕುದಿಸಿದ ಪಾತ್ರೆಯನ್ನು ಅದರೊಳಗಿಟ್ಟು ಮುಚ್ಚಿದರೆ ಬೆಂಕಿಯಿಲ್ಲದೆಯೇ ಅನ್ನ ಬೇಯುತ್ತದೆ, ಏಕೆಂದರೆ ಪಿಷ್ಟಕ್ಕೆ ಬೇಕಿರುವುದು ಬಿಸಿಯೇ ಹೊರತು ಗುಳ್ಳೆಗಳಲ್ಲ.

ಬೇಳೆ ಬೇಯದಿದ್ದರೆ

ಉಪ್ಪು ಮೊದಲೇ ಹಾಕಿದರೆ ಬೇಳೆ ಬೇಯುವುದಿಲ್ಲ ಎಂಬ ದೂರು ಬಹಳ ಹಳೆಯದು. ಇದರಲ್ಲಿ ಕುದಿಬಿಂದುವಿನ ಪ್ರಶ್ನೆ ಇಲ್ಲ, ಪೆಕ್ಟಿನ್‌ನ ಪ್ರಶ್ನೆ ಇದೆ. ಬೇಳೆಕಾಳುಗಳ ಪೆಕ್ಟಿನ್‌ಗೆ ಬಿಗಿ ಕೊಡುವುದು ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಇವುಗಳ ಜಾಗವನ್ನು ಸ್ವಲ್ಪಮಟ್ಟಿಗೆ ತಾನು ಹಿಡಿದು ಬಿಗಿಯನ್ನು ಸಡಿಲಿಸುತ್ತದೆ. ಆದ್ದರಿಂದ ಕಡಲೆ, ಅಲಸಂದೆ, ಅವರೆಯಂಥ ಸಿಪ್ಪೆಯ ಕಾಳುಗಳನ್ನು ಉಪ್ಪು ಬೆರೆಸಿದ ನೀರಿನಲ್ಲಿ ನೆನೆಹಾಕಿದರೆ ಸಿಪ್ಪೆ ಮೆತ್ತಗಾಗುತ್ತದೆ. ಉಪ್ಪು ಕಾಳನ್ನು ಗಟ್ಟಿ ಮಾಡುತ್ತದೆ ಎಂಬ ನಂಬಿಕೆಗೆ ಇದು ನೇರ ವಿರುದ್ಧ.

ನಿಜವಾದ ತಡೆ ಎರಡು ಕಡೆಯಿಂದ ಬರುತ್ತದೆ. ಒಂದು, ಗಡಸು ನೀರು. ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಬಯಲುಸೀಮೆಯ ಆಳದ ಬೋರ್‌ವೆಲ್‌ಗಳ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿರುತ್ತವೆ. ನೀರು ಕಾಯಿಸುವ ಪಾತ್ರೆಯ ಒಳಗೆ ಕಟ್ಟುವ ಬಿಳಿಯ ಪದರ ಅವುಗಳದೇ ಗುರುತು. ಈ ನೀರಿನಲ್ಲಿ ಬೇಯುವ ಬೇಳೆಯ ಪೆಕ್ಟಿನ್‌ಗೆ ಹೊರಗಿನಿಂದ ಮತ್ತಷ್ಟು ಕ್ಯಾಲ್ಸಿಯಂ ಸೇರಿ ಬಿಗಿ ಹೆಚ್ಚುತ್ತದೆ. ಮಳೆನೀರಿನಲ್ಲಿಯೋ ಶುದ್ಧೀಕರಿಸಿದ ನೀರಿನಲ್ಲಿಯೋ ಅದೇ ತೊಗರಿಬೇಳೆ ಸಲೀಸಾಗಿ ನುಣ್ಣಗಾಗುವುದು ಇದರಿಂದ. ಇನ್ನೊಂದು, ಹುಳಿ. ಆಮ್ಲವಿರುವ ನೀರಿನಲ್ಲಿ ಪೆಕ್ಟಿನ್ ಕರಗುವುದು ಬಹಳ ನಿಧಾನ. ಹುಳಿಗೆ ಹಾಕುವ ಬೇಳೆ ತರಕಾರಿ ಬೆಂದ ನಂತರವೇ ಹುಣಸೆರಸ ಬೆರೆಸುವ ಕ್ರಮ ಹುಟ್ಟಿದ್ದು ಈ ಅನುಭವದಿಂದಲೇ ಇರಬೇಕು. ಹುಣಸೆರಸ ಮೊದಲೇ ಬಿದ್ದರೆ ಆಲೂಗಡ್ಡೆಯ ಹೋಳುಗಳು ಅರ್ಧ ಗಂಟೆ ಕುದಿದರೂ ಕಚ್ಚಿದಾಗ ಕರಕರ ಎನ್ನುತ್ತವೆ. ಟೊಮೆಟೊಗೂ ಇದೇ ಮಾತು ಅನ್ವಯಿಸುತ್ತದೆ.

ಅಡುಗೆ ಸೋಡ ಹಾಕಿದರೆ ಬೇಳೆ ಬೇಗ ಬೇಯುವುದು ಕ್ಷಾರದಲ್ಲಿ ಪೆಕ್ಟಿನ್ ಬೇಗ ಒಡೆಯುವುದರಿಂದ. ಬೇಳೆಯಲ್ಲಿರುವ ಥಯಮಿನ್ ಎಂಬ ಬಿ1 ಜೀವಸತ್ವ ಕ್ಷಾರದಲ್ಲಿ ನಾಶವಾಗುತ್ತದೆ, ಹೆಚ್ಚಾದರೆ ರುಚಿಯೂ ಕೆಡುತ್ತದೆ. ಗಡಸು ನೀರು ಬಿಟ್ಟರೆ ಬೇರೆ ಗತಿಯಿಲ್ಲದ ಕಡೆ ಒಂದು ಚಿಟಿಕೆಯಷ್ಟನ್ನು ಮಾತ್ರ ಬಳಸುವುದು ಉಚಿತ.

ನೀರು ಮೆದುವಾಗಿದ್ದು, ಹುಳಿ ಹಾಕದೆ, ಕುಕ್ಕರಿನಲ್ಲಿಟ್ಟರೂ ಬೇಳೆ ಬೇಯದಿದ್ದರೆ ಅದರ ವಯಸ್ಸನ್ನು ನೋಡಬೇಕು. ಬಿಸಿ ಮತ್ತು ತೇವ ಎರಡೂ ಇರುವ ಜಾಗದಲ್ಲಿ ತಿಂಗಳುಗಟ್ಟಲೆ ಉಳಿದ ಕಾಳುಗಳ ಒಳಗೆ ಪೆಕ್ಟಿನ್ ಮತ್ತು ಕ್ಯಾಲ್ಸಿಯಂ ನಿಧಾನವಾಗಿ ಬೆಸೆದುಕೊಂಡು, ನೀರಿಗೂ ಬಿಸಿಗೂ ಸುಲಭವಾಗಿ ಬಗ್ಗದಂತಾಗುತ್ತವೆ. ಅಂಥ ಕಾಳನ್ನು ರಾತ್ರಿಯೇ ಉಪ್ಪುನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಆ ನೀರು ಚೆಲ್ಲಿ ಬೇರೆ ನೀರಿನಲ್ಲಿ ಕುಕ್ಕರಿಗಿಟ್ಟರೆ ಬೇಯುವ ಸಾಧ್ಯತೆ ಹೆಚ್ಚು. ಹೊಸದಾಗಿ ಕೊಂಡ ಬೇಳೆಯನ್ನು ಒಲೆಯ ಪಕ್ಕದ ಗೂಡಿನಲ್ಲಿಡದೆ, ಒಣಗಿದ ಡಬ್ಬಿಯಲ್ಲಿ ತಂಪಾದ ಕಡೆ ಇಡುವುದರಿಂದ ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸಬಹುದು.